ಸಂಕಲ್ಪದಲ್ಲಿ ವರ್ತಮಾನ

ಪೂಜೆಯಾಗಲಿ ವ್ರತವಾಗಲಿ, ಸ್ನಾನವಾಗಲಿ ದಾನವಾಗಲಿ, ನಮ್ಮ ವೈದಿಕ ಸಂಪ್ರದಾಯದಲ್ಲಿ ಯಾವ ಸತ್ಕರ್ಮವೂ ಸಂಕಲ್ಪವಿಲ್ಲದೆ ಆರಂಭವಾಗುವುದಿಲ್ಲವೆಂಬುದು ಆಸ್ತಿಕರೆಲ್ಲರೂ ಬಲ್ಲ ಸಂಗತಿ. ಆಚಮನ, ಪ್ರಾಣಾಯಾಮಗಳಾದ ಮೇಲೆ ಯಜಮಾನನು ಎಡಗೈಯ ಮೇಲೆ ಬಲಗೈಯನ್ನಿರಿಸಿ, ಪುರೋಹಿತರು ಹೇಳಿಕೊಟ್ಟಂತೆ ನುಡಿಯುತ್ತಾನೆ. ಎರಡು ಮೂರು ನಿಮಿಷಗಳಲ್ಲಿ ಮುಗಿದುಹೋಗುವ ಈ ಭಾಗಕ್ಕೆ ನಾವು ಕೊಡುವ ಲಕ್ಷ್ಯ ಅತ್ಯಲ್ಪ. ಸಂಕಲ್ಪ ನಡೆಯುತ್ತಿರುವಾಗಲೇ ಹೂವಿನ ಬುಟ್ಟಿ ಎಲ್ಲಿ, ತೆಂಗಿನಕಾಯಿ ಒಡೆಯುವವರು ಯಾರು, ಊಟಕ್ಕೆ ಎಷ್ಟು ಎಲೆ ಎಂಬ ಮಾತುಗಳು ಹಿಂದುಮುಂದಿನಿಂದ ಕೇಳಿಬರುತ್ತಿರುತ್ತವೆ. ನಿಜವಾದ ಪೂಜೆಯು ಅದರ ಬಳಿಕ ತೊಡಗುವುದೆಂದು ನಮ್ಮ ಭಾವನೆ. ವಿಚಾರಮಾಡಿ ನೋಡಿದರೆ ಸಂಗತಿ ಬೇರೆಯಾಗಿದೆ. ಇಡೀ ವಿಧಿಯಲ್ಲಿ ಮನುಷ್ಯನನ್ನು ಹಿಡಿದು ಈ ದಿನದಲ್ಲಿ, ಈ ನೆಲದ ಮೇಲೆ, ಈ ಹೊತ್ತಿನಲ್ಲಿ ನಿಲ್ಲಿಸುವ ಭಾಗವೆಂದರೆ ಸಂಕಲ್ಪ. ವರ್ತಮಾನದಲ್ಲಿ ಎಚ್ಚರವಾಗಿ ಬದುಕಬೇಕೆಂಬ ಉಪದೇಶವನ್ನು ಈಗ ಎಲ್ಲ ಕಡೆಗಳಲ್ಲಿಯೂ ಕೇಳುತ್ತಿದ್ದೇವಷ್ಟೆ. ಆ ಎಚ್ಚರವನ್ನು ಅಭ್ಯಾಸಮಾಡಿಸುವ ಒಂದು ಪಾಠವು ನಮ್ಮ ಮನೆಯ ಮಣೆಯ ಮೇಲೆಯೇ ಇರುವುದನ್ನು ಇಲ್ಲಿ ಸ್ವಲ್ಪ ವಿವರಿಸಲು ಯತ್ನಿಸಿದೆ.

ಸಂಕಲ್ಪದ ಮೊದಲ ಮಾತುಗಳಲ್ಲಿ ಒಂದು 'ಅದ್ಯ', ಇಂದು ಎಂದರ್ಥ. ಈ 'ಇಂದು' ಎಂಬುದು ಯಾವುದು? ಅದಕ್ಕೆ ಉತ್ತರ ಹೇಳಲು ಸಂಕಲ್ಪವು ಬಹು ದೂರದಿಂದ ಹೊರಡುತ್ತದೆ. ಬ್ರಹ್ಮನ ಆಯುಸ್ಸಿನ ಎರಡನೆಯ ಅರ್ಧ, ಅದರಲ್ಲಿ ಶ್ವೇತವರಾಹ ಕಲ್ಪ, ಆ ಕಲ್ಪದ ಹದಿನಾಲ್ಕು ಮನ್ವಂತರಗಳಲ್ಲಿ ಏಳನೆಯದಾದ ವೈವಸ್ವತ, ಅದರಲ್ಲಿ ೨೮ನೆಯ ಮಹಾಯುಗದ ಕಲಿಯುಗ, ಕಲಿಯ ಪ್ರಥಮ ಪಾದ. ಒಂದು ಕಲ್ಪಕ್ಕೆ ೪೩೨ ಕೋಟಿ ವರ್ಷಗಳು, ಒಂದು ಮಹಾಯುಗಕ್ಕೆ ೪೩,೨೦,೦೦೦, ಕಲಿಯೊಂದಕ್ಕೇ ೪,೩೨,೦೦೦. ಈ ಕಲಿಯಲ್ಲಿ ಕಳೆದಿರುವುದು ೫,೧೦೦ಕ್ಕಿಂತ ತುಸು ಹೆಚ್ಚು ವರ್ಷಗಳು ಮಾತ್ರ. ಇಷ್ಟು ವಿಶಾಲವಾದ ಲೆಕ್ಕದಿಂದ ಹೊರಟ ಮಾತು ಸಂವತ್ಸರಕ್ಕೆ ಇಳಿಯುತ್ತದೆ, ಅಯನಕ್ಕೆ ಇಳಿಯುತ್ತದೆ. ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರಗಳಿಗೆ ಇಳಿದು, ಕಡೆಗೆ ಮಣೆಯ ಮೇಲೆ ಕುಳಿತಿರುವ ಒಬ್ಬ ಮನುಷ್ಯನ ಗೋತ್ರ ಮತ್ತು ಹೆಸರಿನ ಬಳಿ ಬಂದು ನಿಲ್ಲುತ್ತದೆ. ಬೆಟ್ಟದ ಶಿಖರದಿಂದ ಹೊರಟ ನೀರು ಹೊಲದ ಒಂದು ಪಾತಿಗೆ ಬಂದು ಸೇರುವಂತೆ ಈ ಇಳಿತ. ಕೋಟಿಗಟ್ಟಲೆ ವರ್ಷಗಳನ್ನು ಹೆಸರಿಸಿದ ಉದ್ದೇಶವು ನಮ್ಮನ್ನು ಅಲ್ಪರೆಂದು ಹೀಗಳೆಯುವುದಲ್ಲ. ಅಷ್ಟು ದೊಡ್ಡ ಕಾಲದಲ್ಲಿ ನಮ್ಮ ಕೈಗೆ ಸಿಕ್ಕಿರುವುದು ಈ ಒಂದು ತಿಥಿ ಎಂಬುದನ್ನು ಬೆರಳಿಟ್ಟು ತೋರಿಸುವುದೇ ಅದರ ಉದ್ದೇಶವೆಂದು ತೋರುತ್ತದೆ.

ಇಲ್ಲಿ ವಾಚಕರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಪೂಜೆಯ ಮಿಕ್ಕ ಮಂತ್ರಗಳೆಲ್ಲ ನಿನ್ನೆ ಹೇಗಿದ್ದುವೋ ಇಂದೂ ಹಾಗೆಯೇ, ನಾಳೆಯೂ ಹಾಗೆಯೇ. ಅಭ್ಯಾಸವಾದ ನಾಲಗೆಯು ಮನಸ್ಸಿನ ಸಹಾಯವಿಲ್ಲದೆ ಅವುಗಳನ್ನು ನುಡಿದುಬಿಡಬಲ್ಲುದು. ಸಂಕಲ್ಪವು ಹಾಗಲ್ಲ, ಅದು ದಿನದಿನಕ್ಕೂ ಬದಲಾಗುತ್ತದೆ. ನಿನ್ನೆಯ ಸಂಕಲ್ಪ ಇಂದಿಗೆ ಸಲ್ಲದು. ನಿದ್ದೆಗಣ್ಣಿನಲ್ಲಿ ರುದ್ರ ಹೇಳುವವರನ್ನು ಕಾಣಬಹುದು. ನಿದ್ದೆಗಣ್ಣಿನಲ್ಲಿ ಸಂಕಲ್ಪ ಹೇಳಿದವನು ಮಾತ್ರ ನಿನ್ನೆಯ ತಿಥಿಯನ್ನೇ ಉಚ್ಚರಿಸಿ, ಪಕ್ಕದಲ್ಲಿ ಕುಳಿತ ಹಿರಿಯರ ಕೈಯಲ್ಲಿ ಒಡನೆಯೇ ಸಿಕ್ಕಿಬೀಳುತ್ತಾನೆ. ನಮ್ಮ ಪೂರ್ವಿಕರು ಪ್ರತಿಯೊಂದು ಕರ್ಮದ ಬಾಗಿಲಲ್ಲಿಯೂ ಕಂಠಪಾಠಕ್ಕೆ ಎಟುಕದ ಒಂದು ಪ್ರಶ್ನೆಯನ್ನು ಇರಿಸಿದರು: ಈಗ ಎಷ್ಟು ಹೊತ್ತು? ನೀನು ಎಲ್ಲಿರುವೆ? ನೀನು ಯಾರು? ಈಗ ಏನು ಮಾಡಲು ಕುಳಿತಿರುವೆ? ಈ ನಾಲ್ಕಕ್ಕೆ ಉತ್ತರ ಕೊಡದವನಿಗೆ ಒಳಗೆ ಪ್ರವೇಶವಿಲ್ಲ.

ತಿಥಿಯ ವಿಚಾರವನ್ನು ಸ್ವಲ್ಪ ವಿಸ್ತರಿಸಬೇಕು. ಏಕೆಂದರೆ ಎಚ್ಚರದ ಸೂಕ್ಷ್ಮವೆಲ್ಲ ಅಲ್ಲಿದೆ. ಗಡಿಯಾರದ ದಿನವು ೨೪ ಗಂಟೆಗಳಷ್ಟಿದ್ದು ಮಧ್ಯರಾತ್ರಿಗೆ ತಪ್ಪದೆ ಬದಲಾಗುತ್ತದೆ. ತಿಥಿಗೆ ಅಂತಹ ಕಟ್ಟಳೆಯಿಲ್ಲ. ಚಂದ್ರನು ಸೂರ್ಯನಿಂದ ೧೨ ಅಂಶಗಳಷ್ಟು ಮುಂದೆ ಸರಿದಾಗ ಒಂದು ತಿಥಿ ಮುಗಿಯುತ್ತದೆ. ಚಂದ್ರನ ನಡಿಗೆ ಒಮ್ಮೆ ವೇಗ, ಒಮ್ಮೆ ಮಂದ. ಆದುದರಿಂದ ತಿಥಿಯು ಕೆಲವೊಮ್ಮೆ ಸುಮಾರು ೨೦ ಗಂಟೆಗಳಿಗೇ ಮುಗಿಯುತ್ತದೆ, ಕೆಲವೊಮ್ಮೆ ೨೭ ಗಂಟೆಗಳ ಹತ್ತಿರದವರೆಗೂ ಬೆಳೆಯುತ್ತದೆ. ಸೂರ್ಯೋದಯವನ್ನೇ ಕಾಣದೆ ಕಳೆದುಹೋಗುವ ತಿಥಿಯುಂಟು, ಎರಡು ಸೂರ್ಯೋದಯಗಳನ್ನು ಕಾಣುವ ತಿಥಿಯೂ ಉಂಟು. ೨೦೨೫ರ ಗಣೇಶ ಚತುರ್ಥಿಯನ್ನೇ ನೋಡಬಹುದು. ಆ ಚತುರ್ಥಿ ತಿಥಿ ಆಗಸ್ಟ್ ೨೬ರ ಮಧ್ಯಾಹ್ನ ಹೊತ್ತು ತಿರುಗಿದ ಮೇಲೆ ತೊಡಗಿ, ೨೭ರ ಅಪರಾಹ್ಣಕ್ಕೆ ಮುಗಿಯಿತು. ಗಣಪತಿಯ ಪೂಜೆಗೆ ಮಧ್ಯಾಹ್ನದಲ್ಲಿ ಚತುರ್ಥಿಯಿರುವುದು ಮುಖ್ಯವಾದ ಕಾರಣ ೨೭ರಂದೇ ಹಬ್ಬವಾಯಿತು. ಬೆಳಗ್ಗೆ ಪೂಜೆಗೆ ಕುಳಿತವನು ಚತುರ್ಥಿಯೆಂದು ಹೇಳಿದುದು ಸರಿ. ಅದೇ ಮನೆಯಲ್ಲಿ ಸಂಜೆ ಬೇರೊಂದು ಕರ್ಮಕ್ಕೆ ಕುಳಿತವನು ಪಂಚಮಿಯೆನ್ನಬೇಕು. ಒಂದೇ ಹಗಲಿನೊಳಗೆ 'ಇಂದು' ಎಂಬುದು ಬದಲಾಯಿತು! ಗೋಡೆಯ ಮೇಲಿನ ದಿನದರ್ಶಿಕೆಯು ಇದನ್ನು ದಪ್ಪಕ್ಷರದಲ್ಲಿ ಹೇಳುವುದಿಲ್ಲ. ಪಂಚಾಂಗವನ್ನು ತೆರೆದು ಘಳಿಗೆಯನ್ನು ನೋಡಬೇಕು. ಎಂದರೆ ವರ್ತಮಾನವನ್ನು ಊಹಿಸಿಕೊಂಡರೆ ಸಾಲದು, ವಿಚಾರಿಸಿ ತಿಳಿಯಬೇಕು. ಮನಸ್ಸಿನ ವಿಷಯದಲ್ಲಿಯೂ ಇದು ಹೀಗೆಯೇ. ಬೆಳಗ್ಗೆ ಕೋಪಗೊಂಡವನು ಸಂಜೆಯೂ ತಾನು ಕೋಪದಲ್ಲಿಯೇ ಇದ್ದೇನೆಂದು ಭಾವಿಸಿಕೊಂಡು ಮಕ್ಕಳನ್ನು ಗದರಿಸುತ್ತಾನೆ. ಕೋಪದ ತಿಥಿ ಎಂದೋ ಕಳೆದಿರುತ್ತದೆ. ಅವನು ಪಂಚಾಂಗ ನೋಡಿರುವುದಿಲ್ಲ, ಅಷ್ಟೆ.

ಋತುವಿನ ಹೆಸರನ್ನೂ ನಾವು ಹೀಗೆಯೇ ಕಿವಿಯಿಂದ ಕಿವಿಗೆ ದಾಟಿಸಿಬಿಡುತ್ತೇವೆ. ವರ್ಷ ಋತುವೆಂದು ಬಾಯಿಂದ ಹೇಳುವಾಗ ಹೊರಗೆ ಮುರಕಲ್ಲಿನ ಗೋಡೆ ನೆನೆದು ಕಪ್ಪಾಗಿರುವುದನ್ನೂ, ಮಾಡಿನ ಅಂಚಿನಿಂದ ನೀರು ಧಾರೆಗಟ್ಟಿ ಇಳಿಯುತ್ತಿರುವುದನ್ನೂ ಒಂದು ಕ್ಷಣ ಕಂಡರೆ ಆ ಮಾತಿಗೆ ಜೀವ ಬರುತ್ತದೆ. ಕಾಸರಗೋಡು ಕಡೆಯ ಕೃಷಿಕನಿಗಾದರೋ ಆ ಮಳೆ ಕಂಡೊಡನೆ ಅಡಕೆ ತೋಟದ ಕೊಳೆರೋಗದ ನೆನಪಾಗಿ, ಮೈಲುತುತ್ತು ಸುಣ್ಣಗಳ ಮದ್ದನ್ನು ಎರಡನೆಯ ಬಾರಿ ಹೊಡೆಯಲು ಆಳು ಸಿಕ್ಕಿಯಾನೇ ಎಂಬ ಚಿಂತೆ ಹತ್ತುವುದು ಸಹಜ. ಆ ಚಿಂತೆಯನ್ನು ಪಾಪವೆಂದು ಬಗೆಯಬೇಕಾಗಿಲ್ಲ. ಸಂಕಲ್ಪದ ಮುಂದಿನ ಪದವು ಮಾಸ. ಮನಸ್ಸು ಅಲ್ಲಿಗೆ ಬಂದರಾಯಿತು.

ಮಾಸವೆಂದೊಡನೆ ಗಡಿನಾಡಿನ ಕನ್ನಡಿಗರಾದ ನಮಗೆ ಒಂದು ಸ್ವಾರಸ್ಯ ಕಾಣುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಲ್ಲಿಯೂ ಆದವಾನಿ, ರಾಯದುರ್ಗ, ಮಡಕಶಿರಗಳಲ್ಲಿಯೂ ಚಾಂದ್ರಮಾನ; ಅಲ್ಲಿ ಯುಗಾದಿಗೆ ಹೊಸ ಸಂವತ್ಸರ. ಕಾಸರಗೋಡು ಸೇರಿದ ತುಳುನಾಡಿನಲ್ಲಿ ಸೌರಮಾನ ಬಳಕೆಯಲ್ಲಿದೆ. ವಿಷುವಿಗೆ ಹೊಸ ವರ್ಷ. ಆದಕಾರಣ ಮೇಲೆ ಹೇಳಿದ ಚತುರ್ಥಿಯ ಬೆಳಗ್ಗೆ ಸೊಲ್ಲಾಪುರದವನು ಭಾದ್ರಪದ ಮಾಸವೆನ್ನುವ ಹೊತ್ತಿಗೇ ಕಾಸರಗೋಡಿನವನು ಸಿಂಹಮಾಸವೆಂದಿದ್ದಾನು. ಚಂದ್ರನ ನಡೆಯಿಂದ ಎಣಿಸಿದರೆ ಒಂದು ಹೆಸರು, ಸೂರ್ಯನ ನಡೆಯಿಂದ ಎಣಿಸಿದರೆ ಇನ್ನೊಂದು. ತಿಥಿ ಒಂದೇ, ಹೊತ್ತು ಒಂದೇ. ಯಾರದು ಶುದ್ಧ ಯಾರದು ಅಶುದ್ಧವೆಂದು ವಾದಿಸುವವರನ್ನು ಅವರ ಪಾಡಿಗೆ ಬಿಡೋಣ.

ಇನ್ನು ದೇಶದ ನಿರ್ದೇಶ. ಜಂಬೂದ್ವೀಪ, ಭರತವರ್ಷ, ಭರತಖಂಡ, ದಂಡಕಾರಣ್ಯ, ಗೋದಾವರಿಯ ದಕ್ಷಿಣ ತೀರ ಎಂದು ಹೇಳುವ ವಾಡಿಕೆ ನಮ್ಮಲ್ಲಿ ಬಹು ಕಡೆ ಇದೆ. ಕರಾವಳಿಯಲ್ಲಿ ಪರಶುರಾಮಕ್ಷೇತ್ರವೆಂದು ಸೇರಿಸುವುದೂ ಉಂಟು. ಭೀಮಾತೀರದವನಿಗೂ ಪಯಸ್ವಿನಿಯಲ್ಲಿ ಮಿಂದವನಿಗೂ ಗೋದಾವರಿಯೇ ಎಲ್ಲೆಗುರುತು. ಸಾಗರದಾಚೆ ನೆಲಸಿದವರಿಗೆ ಈ ಹೆಸರುಗಳು ಒಪ್ಪುವುದಿಲ್ಲ. ಅಮೆರಿಕದಲ್ಲಿ ಕೆಲವು ಪುರೋಹಿತರು ಕ್ರೌಂಚದ್ವೀಪವೆಂದು ಹೇಳುವುದುಂಟು. ಕುಳಿತ ನೆಲ ಬದಲಾದಾಗ ಮಾತೂ ಬದಲಾಗಬೇಕೆಂಬ ಪ್ರಾಮಾಣಿಕತೆ ಅದರಲ್ಲಿದೆ. ಈ ದೇಶನಿರ್ದೇಶದಲ್ಲಿ ರಾಜ್ಯದ ಹೆಸರಾಗಲಿ ಜಿಲ್ಲೆಯ ಹೆಸರಾಗಲಿ ಬರುವುದಿಲ್ಲ. ೧೯೫೬ನೆಯ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು; ೧೯೮೪ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅಕ್ಟೋಬರ್ ೩೧ರ ಸಂಜೆ ದೀಪ ಹಚ್ಚಿ ಸಂಕಲ್ಪ ಮಾಡಿದ ಗೃಹಸ್ಥನು ಮರುದಿನ ಬೆಳಗ್ಗೆ ದೇಶದ ಒಂದಕ್ಷರವನ್ನೂ ಬದಲಿಸಬೇಕಾಗಿರಲಿಲ್ಲ. ತಿಥಿವಾರಗಳನ್ನು ಮಾತ್ರ ನೋಡಿಕೊಳ್ಳಬೇಕಾಗಿತ್ತು.

ನಾವು ಗಡಿನಾಡಿನವರು ಸೇರಿದಲ್ಲೆಲ್ಲ ಎರಡು ಮಾತು ಬರುತ್ತವೆ. ಅಂದು ಹಾಗಾಗದಿದ್ದರೆ ಇಂದು ಹೀಗಿರುತ್ತಿರಲಿಲ್ಲ ಎಂಬುದು ಒಂದು. ಮುಂದೆ ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಉಳಿದೀತೇ ಎಂಬುದು ಇನ್ನೊಂದು. ಎರಡೂ ನಿಜವಾದ ನೋವುಗಳೇ, ಹಗುರವಾಗಿ ಆಡತಕ್ಕವಲ್ಲ. ಆದರೆ ಕಳೆದುದರ ಕೊರಗು, ಬರಲಿರುವುದರ ಭೀತಿ, ಇವೆರಡರ ನಡುವೆ ಈ ಸಂಜೆಯು ಯಾರಿಗೂ ಬೇಡದ ವಸ್ತುವಾಗಿ ಜಾರಿಹೋಗುತ್ತದೆ. ಪಡಸಾಲೆಯಲ್ಲಿ ಹಿರಿಯರು ಕನ್ನಡದ ಗತಿಯನ್ನು ಕುರಿತು ನಿಟ್ಟುಸಿರಿಡುತ್ತಿರುವಾಗ, ಅದೇ ಪಡಸಾಲೆಯ ಮೂಲೆಯಲ್ಲಿ ಏಳೆಂಟು ವರ್ಷದ ಮಗುವೊಂದು, ಕನ್ನಡ ಪಂಚಾಂಗವನ್ನು ಓದಿಸುವವರಿಲ್ಲದೆ ಸುಮ್ಮನೆ ಕುಳಿತಿರುತ್ತದೆ.

ಕನ್ನಡದಲ್ಲಿ 'ವರ್ತಮಾನ' ಎಂಬ ಶಬ್ದಕ್ಕೆ ಎರಡು ಅರ್ಥಗಳಿರುವುದು ವಿನೋದದ ಸಂಗತಿ. ಈಗ ನಡೆಯುತ್ತಿರುವ ಕಾಲ ಎಂಬುದು ಮೂಲಾರ್ಥ. ಸುದ್ದಿ ಎಂಬುದು ಬಳಕೆಯ ಅರ್ಥ. 'ಏನು ವರ್ತಮಾನ?' ಎಂದು ನಾವು ಕೇಳುವುದು ದೂರದೂರಿನಲ್ಲಿ ಆಗಿಹೋದುದನ್ನು. ಸುದ್ದಿಯೆಂಬ ವರ್ತಮಾನದ ಹಿಂದೆ ಓಡಿ, ಕಾಲವೆಂಬ ವರ್ತಮಾನವನ್ನು ಕಳೆದುಕೊಳ್ಳುವುದು ಹಳೆಯ ರೋಗವೇ. ಕಿಸೆಯೊಳಗಿನ ಮೊಬೈಲಿನಿಂದ ಅದು ಉಲ್ಬಣಿಸಿದೆ. ಮಹಾಮಂಗಳಾರತಿಯ ವೇಳೆ ಕೈಮುಗಿಯಬೇಕಾದ ಕೈಗಳು ಯಂತ್ರವನ್ನೆತ್ತಿ ಹಿಡಿದಿರುತ್ತವೆ. ಮುಂದೆಂದೋ ನೋಡಲೆಂದು ಚಿತ್ರ ತೆಗೆಯುವವನು, ಎದುರಿಗೆ ಉರಿಯುತ್ತಿರುವ ಆರತಿಯನ್ನು ಉರಿಯುತ್ತಿರುವಾಗಲೇ ಹಳೆಯದನ್ನಾಗಿ ಮಾಡಿಕೊಳ್ಳುತ್ತಾನೆ. ಸಂಕಲ್ಪದಲ್ಲಿ ವರ್ತಮಾನವೆಂಬ ಮಾತು ಬರುವುದು ಮೂಲಾರ್ಥದಲ್ಲಿ, ನಡೆಯುತ್ತಿರುವ ಸಂವತ್ಸರಕ್ಕೆ ವಿಶೇಷಣವಾಗಿ.

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕಾಗಿದೆ. ವರ್ತಮಾನದಲ್ಲಿ ಬದುಕುವುದೆಂದರೆ ಹಿಂದಿನದನ್ನು ಮರೆತು ಮುಂದಿನದನ್ನು ಯೋಚಿಸದೆ ಇರುವುದಲ್ಲವೇ, ಹಾಗಾದರೆ ಗೃಹಸ್ಥನು ಸಾಲ ತೀರಿಸುವುದು ಹೇಗೆ, ಮಗಳ ಮದುವೆ ಮಾಡುವುದು ಹೇಗೆ ಎಂದು ಕೇಳಬಹುದು. ಈಗಿನ ಅನೇಕ ಉಪದೇಶಗಳು ಈ ತಪ್ಪು ತಿಳಿವಳಿಕೆಗೆ ಎಡೆಗೊಟ್ಟಿರುವುದು ಸುಳ್ಳಲ್ಲ. ಸಂಕಲ್ಪವು ಅಂತಹ ಮರೆವನ್ನು ಕಲಿಸುವುದಿಲ್ಲ. ಅದರಲ್ಲಿ ಕಳೆದುಹೋದ ಕಾಲವೆಲ್ಲ ಹೆಸರುಗೊಂಡಿದೆ. ಗೋತ್ರವನ್ನು ಹೇಳುವಾಗ ಹಿಂದಿನ ತಲೆಮಾರುಗಳೆಲ್ಲ ಬಂದು ನಿಲ್ಲುತ್ತವೆ. ಕರ್ಮದ ಫಲವನ್ನು ಹೇಳುವಾಗ ಕುಟುಂಬದ ಕ್ಷೇಮ, ಆಯುಸ್ಸು, ಆರೋಗ್ಯಗಳೆಂದು ಮುಂದಿನ ಕಾಲವೂ ಬರುತ್ತದೆ. ಕಡೆಯ ಕ್ರಿಯಾಪದವಾದ 'ಕರಿಷ್ಯೇ' ಎಂಬುದೂ ಭವಿಷ್ಯತ್ಕಾಲದ್ದೇ: ಮಾಡುವೆನು ಎಂದರ್ಥ. ಆದರೆ ಅದರ ಬಳಿಕ ನೀರನ್ನು ಬಿಟ್ಟೊಡನೆ ಕೈ ಕೆಲಸಕ್ಕೆ ತೊಡಗಬೇಕು. ಭೂತ ಭವಿಷ್ಯತ್ತುಗಳನ್ನು ಹೊರದೂಡದೆ, ಅವುಗಳ ನಡುವೆ ತಾನು ನಿಂತಿರುವ ಸ್ಥಳ ಯಾವುದೆಂದು ನಿಖರವಾಗಿ ಬಲ್ಲವನೇ ವರ್ತಮಾನದಲ್ಲಿರುವವನು. ಸಾಲವನ್ನು ಮರೆತವನು ಎಚ್ಚರಗೇಡಿ. ಸಾಲದ ಚಿಂತೆಯಲ್ಲಿ ಈ ತಿಂಗಳ ಕಂತನ್ನು ಕಟ್ಟಲು ಮರೆತವನೂ ಎಚ್ಚರಗೇಡಿಯೇ.

'ಕರಿಷ್ಯೇ' ಎಂಬಲ್ಲಿ ವ್ಯಾಕರಣದ ಒಂದು ಸೂಕ್ಷ್ಮವಿದೆ. ಕ್ರಿಯೆಯ ಫಲವು ಮಾಡುವವನಿಗೇ ಸಲ್ಲುವಾಗ ಸಂಸ್ಕೃತದಲ್ಲಿ ಇಂತಹ ಧಾತುಗಳಿಗೆ ಆತ್ಮನೇಪದ, ಇನ್ನೊಬ್ಬರಿಗೆ ಸಲ್ಲುವಾಗ ಪರಸ್ಮೈಪದ. ಆದುದರಿಂದ ತನಗಾಗಿ ಪೂಜೆ ಮಾಡುವ ಯಜಮಾನನು 'ಕರಿಷ್ಯೇ' ಎನ್ನುತ್ತಾನೆ. ಅವನಿಗಾಗಿ ಮಾಡುವ ಪುರೋಹಿತನು 'ಕರಿಷ್ಯಾಮಿ' ಎನ್ನತಕ್ಕದ್ದು. ಪುರೋಹಿತರು ಎಷ್ಟೇ ಸ್ಪಷ್ಟವಾಗಿ ಹೇಳಿಕೊಟ್ಟರೂ ಆ ಒಂದು ಪದವನ್ನು ಯಜಮಾನನೇ ನುಡಿಯಬೇಕು. ಎಚ್ಚರವನ್ನು ದಕ್ಷಿಣೆ ಕೊಟ್ಟು ಬೇರೊಬ್ಬರಿಂದ ಮಾಡಿಸಲಾಗದು.

ಜೀರ್ಣೋದ್ಧಾರದ ಈ ಸಂದರ್ಭದಲ್ಲಿ ಇದನ್ನು ಹೇಳುವುದಕ್ಕೆ ಕಾರಣವುಂಟು. ಗರ್ಭಗುಡಿಯ ಕೆಲಸ ತೊಡಗುವ ಮುನ್ನ ದೇವರ ಸಾನ್ನಿಧ್ಯವನ್ನು ಬಾಲಾಲಯಕ್ಕೆ ಸಾಗಿಸುವುದು ಕ್ರಮ. ಆ ಬಳಿಕ ಮರ ಬರಬೇಕು, ಕಲ್ಲು ಬರಬೇಕು, ಶಿಲ್ಪಿ ಬರಬೇಕು, ಚಂದಾ ಕೂಡಬೇಕು. ಒಂದೆರಡು ವರ್ಷವೆಂದು ಹೊರಟದ್ದು ನಾಲ್ಕೈದಾಗುವುದು ಎಲ್ಲ ಊರುಗಳ ಅನುಭವ. ಆ ಅವಧಿಯಲ್ಲಿ ಊರವರ ಮಾತೆಲ್ಲ ಎರಡೇ ದಿಕ್ಕಿಗೆ ಹರಿಯುತ್ತದೆ. ಹಳೆಯ ಗುಡಿಯ ವೈಭವ ಹೇಗಿತ್ತು ಎಂಬುದು ಒಂದು, ಬ್ರಹ್ಮಕಲಶ ಎಷ್ಟು ವಿಜೃಂಭಣೆಯಿಂದ ಆಗಬೇಕು ಎಂಬುದು ಇನ್ನೊಂದು. ಬಾಲಾಲಯದ ಮುಂದೆ ನಿಲ್ಲುವವರು ವಿರಳವಾಗುತ್ತಾರೆ. 'ಎಲ್ಲ ಮುಗಿಯಲಿ, ಹೊಸ ಗುಡಿಯಲ್ಲಿ ದೊಡ್ಡ ಪೂಜೆಯನ್ನೇ ಮಾಡಿಸೋಣ' ಎನ್ನುವವರು ಹೆಚ್ಚುತ್ತಾರೆ. ಹಾಗೆ ಹೇಳುತ್ತಲೇ, ಆ ದಿನವನ್ನು ಕಾಣದೆ ಹೋದ ಹಿರಿಯರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಆದರೆ ಬಾಲಾಲಯದಲ್ಲಿ ಅರ್ಚಕನು ದಿನವೂ ಪಂಚಾಂಗ ನೋಡಿ, ಅಂದಿನ ತಿಥಿವಾರನಕ್ಷತ್ರಗಳನ್ನು ಹೇಳಿಯೇ ಪೂಜೆಗೆ ತೊಡಗುತ್ತಾನೆ. 'ಹೊಸ ಗುಡಿ ಆದ ಮೇಲೆ' ಎಂಬ ಮಾತಿಗೆ ಅವನ ಸಂಕಲ್ಪದಲ್ಲಿ ಸ್ಥಳವಿಲ್ಲ. ತಗಡಿನ ಮಾಡಿನ ಕೆಳಗೆ ನಡೆದ ಆ ಪೂಜೆಗಳಲ್ಲಿ ಯಾವುದೂ ತಾತ್ಕಾಲಿಕ ಪೂಜೆಯಲ್ಲ.

ಕಾಲದ ಸ್ವರೂಪವನ್ನು ಶಾಸ್ತ್ರಕಾರರು ಇನ್ನೂ ಆಳವಾಗಿ ವಿಚಾರಿಸಿದ್ದಾರೆ. ಪತಂಜಲಿಯ ಯೋಗಸೂತ್ರಕ್ಕಿರುವ ವ್ಯಾಸಭಾಷ್ಯದಲ್ಲಿ, ಒಂದು ಪರಮಾಣುವು ತಾನಿದ್ದ ಸ್ಥಳವನ್ನು ಬಿಟ್ಟು ಮುಂದಿನ ಸ್ಥಳವನ್ನು ಸೇರಲು ಬೇಕಾಗುವಷ್ಟು ಕಾಲವನ್ನು ಕ್ಷಣವೆಂದಿದೆ. ಎರಡು ಕ್ಷಣಗಳು ಒಟ್ಟಿಗೆ ಇರಲಾರವು. ಮುಹೂರ್ತ, ಹಗಲು, ರಾತ್ರಿ ಎಂಬ ಕೂಟಗಳು ಬುದ್ಧಿಯು ಜೋಡಿಸಿಕೊಂಡವು. ವಸ್ತುವಾಗಿ ಇರುವುದು ಈ ಒಂದು ಕ್ಷಣ ಮಾತ್ರ, ಮತ್ತು ಜಗತ್ತೆಲ್ಲವೂ ಆ ಒಂದು ಕ್ಷಣದಲ್ಲಿಯೇ ಪರಿಣಾಮ ಹೊಂದುತ್ತಿದೆ ಎಂಬುದು ಅಲ್ಲಿನ ವಿಚಾರದ ಸಾರ. ಬೌದ್ಧರ ಪಾಲಿ ಗ್ರಂಥಗಳಲ್ಲಿ ಈ ಎಚ್ಚರಕ್ಕೆ 'ಸತಿ' ಎಂಬ ಹೆಸರು. ಅದು ಸಂಸ್ಕೃತದ 'ಸ್ಮೃತಿ' ಶಬ್ದವೇ. ನೆನಪು ಎಂಬ ಅರ್ಥದ ಶಬ್ದವು ಈಗಿನದರ ಅರಿವಿಗೆ ಹೆಸರಾದುದು ಮೊದಲು ವಿಚಿತ್ರವಾಗಿ ಕಾಣುತ್ತದೆ. ಆದರೆ ನಾವು ಅತಿ ಹೆಚ್ಚಾಗಿ ಮರೆಯುವುದು ಈಗ ಮಾಡುತ್ತಿರುವುದನ್ನೇ. ಬಾಗಿಲಿಗೆ ಅಗುಳಿ ಹಾಕಿದೆವೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗಿದವರಿಗೆಲ್ಲ ಇದು ಗೊತ್ತಿದೆ.

ಮನಸ್ಸು ಸಂಕಲ್ಪದ ವೇಳೆಗೆ ನಿಂತರೂ ಷೋಡಶೋಪಚಾರದ ನಡುವೆ ಓಡಿಹೋಗುತ್ತದಲ್ಲ, ಅದಕ್ಕೇನು ಮಾಡಬೇಕು? ಇದನ್ನು ಶಾಸ್ತ್ರವು ಮೊದಲೇ ಬಲ್ಲುದು. ಹದಿನಾರು ಉಪಚಾರಗಳಲ್ಲಿ ಒಂದೊಂದಕ್ಕೂ ಕೈಗೊಂದು ಕೆಲಸ, ಕಣ್ಣಿಗೊಂದು ನೋಟ, ನಾಸಿಕಕ್ಕೆ ಗಂಧ, ಕಿವಿಗೆ ಗಂಟೆ ಎಂದು ಇಂದ್ರಿಯಗಳನ್ನೆಲ್ಲ ದುಡಿಸಿರುವುದರಲ್ಲಿ ಮನಸ್ಸನ್ನು ಮತ್ತೆ ಮತ್ತೆ ಕರೆತರುವ ಉಪಾಯವಿದೆ. ಅರ್ಘ್ಯ ಬಿಡುವಾಗ ತಪ್ಪಿಹೋದ ಮನಸ್ಸನ್ನು ಧೂಪದ ಹೊಗೆ ಹಿಡಿದು ತರುತ್ತದೆ. ಅಷ್ಟಾಗಿಯೂ ಲೋಪವುಳಿಯುವುದೆಂದೇ ಪೂಜೆಯ ಕೊನೆಗೆ ಮಂತ್ರ, ಕ್ರಿಯೆ, ಭಕ್ತಿಗಳ ಕೊರತೆಗೆ ಕ್ಷಮೆ ಬೇಡುವ ಪ್ರಾರ್ಥನೆಯನ್ನಿರಿಸಿದ್ದಾರೆ. ಮನಸ್ಸು ಅಲೆದುದಕ್ಕಾಗಿ ತನ್ನನ್ನು ತಾನು ಹಳಿದುಕೊಳ್ಳುತ್ತ ಕುಳಿತರೆ ಅದೂ ಕಳೆದುದರ ಚಿಂತೆಯೇ ಆಗುತ್ತದೆ; ಮುಂದಿನ ಉಪಚಾರವೂ ತಪ್ಪುತ್ತದೆ. ವಿಗ್ರಹವನ್ನು ಪೀಠಕ್ಕೆ ಬಂಧಿಸುವ ಅಷ್ಟಬಂಧವನ್ನು ಹನ್ನೆರಡು ವರ್ಷಕ್ಕೊಮ್ಮೆ ನವೀಕರಿಸುವ ರೂಢಿಯುಂಟು. ಮನಸ್ಸಿನ ಬಂಧಕ್ಕೆ ಅಷ್ಟು ದೀರ್ಘವಾದ ಆಯುಸ್ಸಿಲ್ಲವಾಗಿ, ಅದರ ನವೀಕರಣ ಗಳಿಗೆಗೊಮ್ಮೆ ನಡೆಯಬೇಕು.

ಸಂಕಲ್ಪವನ್ನು ಹೊಸದಾಗಿ ಕಲಿಯಬಯಸುವವರು, ಅದರಲ್ಲಿಯೂ ಹೆತ್ತವರು ಮಕ್ಕಳಿಗೆ ಕಲಿಸಬಯಸಿದರೆ, ಪೂರ್ತಿ ಪಾಠದಿಂದ ತೊಡಗಬೇಕಾಗಿಲ್ಲ. ಬೆಳಗ್ಗೆ ದೇವರ ಮುಂದೆ ನಿಂತಾಗ ಮೂರು ಬಾರಿ ನಿಧಾನವಾಗಿ ಉಸಿರಾಡಿ, ಸಂವತ್ಸರ, ಋತು, ಮಾಸ, ಪಕ್ಷ, ತಿಥಿ, ವಾರ ಎಂಬ ಆರನ್ನು ಮಾತ್ರ ಗಟ್ಟಿಯಾಗಿ ಹೇಳಿದರೆ ಸಾಕು. ಆಮೇಲೆ ತಮ್ಮ ಊರಿನ ಹೆಸರು, ಹತ್ತಿರದ ಹೊಳೆಯ ಹೆಸರು, ತಮ್ಮ ಹೆಸರು. ಕನ್ನಡದಲ್ಲಿಯೇ ಹೇಳಬಹುದು. ಅರವತ್ತು ಸಂವತ್ಸರಗಳ ಹೆಸರನ್ನು ಒಮ್ಮೆಗೇ ಬಾಯಿಪಾಠ ಮಾಡಿಸಬೇಕೆಂಬ ಉತ್ಸಾಹ ಬೇಡ. ೨೦೨೫ರ ಯುಗಾದಿಯಿಂದ ವಿಶ್ವಾವಸು, ಅದರ ಮುಂದಿನದು ಪರಾಭವ ಎಂದು ತಿಳಿದಿದ್ದರೆ ಸದ್ಯಕ್ಕೆ ಸಾಲುತ್ತದೆ. ಮನೆಯಲ್ಲಿ ೧೯೬೫ರ ಯುಗಾದಿಯ ಬಳಿಕ ಒಂದು ವರ್ಷದೊಳಗೆ ಹುಟ್ಟಿದ ಅಜ್ಜಅಜ್ಜಿಯರಿದ್ದರೆ, ಅವರು ಹುಟ್ಟಿದುದು ಹಿಂದಿನ ವಿಶ್ವಾವಸುವಿನಲ್ಲಿ ಎಂದು ಮಗುವಿಗೆ ತೋರಿಸಬಹುದು. ಪಕ್ಷವನ್ನು ತಿಳಿಯಲು ಹಿಂದಿನ ರಾತ್ರಿ ಅಂಗಳಕ್ಕಿಳಿದು ಚಂದ್ರನನ್ನು ನೋಡುವ ಅಭ್ಯಾಸವನ್ನು ಮಾಡಿಸಬೇಕು; ಸಂಜೆಯೇ ಕಂಡರೆ ಶುಕ್ಲ, ತಡರಾತ್ರಿ ಮೂಡಿದರೆ ಕೃಷ್ಣ. ತಿಥಿಯೊಂದನ್ನು ಮಾತ್ರ ಆಕಾಶ ನೋಡಿ ಹೇಳಲಾಗದು. ಅದಕ್ಕೆ ಪಂಚಾಂಗವನ್ನು ಮಗುವಿನ ಕೈಗೇ ಕೊಟ್ಟು, ಅಂದಿನ ಸಾಲಿನ ಮೇಲೆ ಬೆರಳಿಡಿಸಿ ಓದಿಸುವುದು ಒಳ್ಳೆಯದು.